ಇಂಗ್ಲಿಷಿನ ನಾಮೋಪವಾಕ್ಯವೂ ಕನ್ನಡದ ‘ಎಂದು’ವೂ

ನಾಮಪದದ ಕೆಲಸವನ್ನು ನಿರ್ವಹಿಸುವ ಉಪವಾಕ್ಯವು ನಾಮೋಪವಾಕ್ಯವೆನಿಸುವುದು: ಈ ಲಕ್ಷಣವನ್ನು ಬಾಯಿಪಾಠ ಮಾಡದೆ ಇಂಗ್ಲಿಷನ್ನು ಕಲಿತವರು ನಮ್ಮ ದೇಶದಲ್ಲಿ ವಿರಳ. ಇಂಗ್ಲಿಷಿನ ವೈಯಾಕರಣರು ‘ನೌನ್ ಕ್ಲಾಜ್’ ಎಂದು ಕರೆದುದಕ್ಕೆ ಕನ್ನಡದಲ್ಲಿ ನಾಮೋಪವಾಕ್ಯವೆಂಬ ಹೆಸರನ್ನೇ ಇಟ್ಟುಕೊಂಡು ಮುಂದುವರಿಯೋಣ. ಲಕ್ಷಣವು ನೋಡಲು ಚೊಕ್ಕಟವಾಗಿದೆ. ಪರೀಕ್ಷೆಯಲ್ಲಿ ಅಂಕಗಳನ್ನೂ ತಂದುಕೊಟ್ಟಿದೆ. ಆದರೆ ಈ ಹೆಸರಿನಲ್ಲಿ ಸತ್ಯವೆಷ್ಟು, ಕೇವಲ ಸಾದೃಶ್ಯವೆಷ್ಟು ಎಂಬುದನ್ನು ತೂಗಿ ನೋಡುವ ಕೆಲಸ ನಮ್ಮ ಶಾಲೆಗಳಲ್ಲಿ ನಡೆದುದು ಕಡಮೆ. ಅದನ್ನು ಕನ್ನಡದ ತಕ್ಕಡಿಯಲ್ಲಿಟ್ಟು ತೂಗುವುದು ಪ್ರಕೃತ ಲೇಖನದ ಉದ್ದೇಶ. ಇದು ವ್ಯಾಕರಣಾಭ್ಯಾಸಿಗಳಿಗೆ ಮಾತ್ರ ಬೇಕಾದ ವಿಷಯವೆಂದು ವಾಚಕರು ಭಾವಿಸಬಾರದಾಗಿ ಕೋರಿಕೆ. ಕನ್ನಡಿಗನೊಬ್ಬನ ಮಾತು ಇಂಗ್ಲಿಷಿಗೆ ಭಾಷಾಂತರವಾಗಿ ನ್ಯಾಯಾಧೀಶನ ಮುಂದೆ ಹೋಗುವ ಸಂದರ್ಭದಲ್ಲಿ ಈ ಉಪವಾಕ್ಯದ ಸ್ವರೂಪವು ಒಬ್ಬನ ಸ್ವಾತಂತ್ರ್ಯದ ಪ್ರಶ್ನೆಯೂ ಆಗಬಲ್ಲುದು.

ಮೊದಲು ಈ ಪಾಠದ ವಂಶಾವಳಿ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ನೆಸ್‌ಫೀಲ್ಡನ ವ್ಯಾಕರಣಗಳು ಭಾರತದ ಶಾಲೆಗಳನ್ನು ವ್ಯಾಪಿಸಿದವು. 1930ರ ದಶಕದಲ್ಲಿ ಅವುಗಳ ಜಾಗಕ್ಕೆ ಬಂದುದು ರೆನ್ ಮತ್ತು ಮಾರ್ಟಿನ್ ಇವರ ಗ್ರಂಥ. ಈ ರೆನ್ ಮುಂಬಯಿ ಇಲಾಖೆಯ ಶಿಕ್ಷಣಖಾತೆಯಲ್ಲಿ ಸೇವೆ ಸಲ್ಲಿಸಿದವನು; ಮರುಭೂಮಿಯ ಸೈನಿಕರ ಕಥೆಯಾದ ‘ಬೋ ಜೆಸ್ಟ್’ ಎಂಬ 1924ರ ಕಾದಂಬರಿಯನ್ನು ಬರೆದವನೂ ಅವನೇ. ಕಾದಂಬರಿಯನ್ನು ಇಂದು ಓದುವವರು ಕೆಲವರು. ವ್ಯಾಕರಣವನ್ನು ಇಂದಿಗೂ ಕೊಳ್ಳುವವರುಂಟು. ಈ ಪರಂಪರೆಯಲ್ಲಿ ಮಿಶ್ರವಾಕ್ಯದ ಉಪವಾಕ್ಯಗಳು ಮೂರು ಬಗೆ: ನಾಮದಂತೆ ವರ್ತಿಸುವುದು, ವಿಶೇಷಣದಂತೆ ವರ್ತಿಸುವುದು, ಕ್ರಿಯಾವಿಶೇಷಣದಂತೆ ವರ್ತಿಸುವುದು. ನಾಮೋಪವಾಕ್ಯಕ್ಕೆ ಐದು ಆಸನಗಳು ಗೊತ್ತಾಗಿವೆ: ಕರ್ತೃ, ಕರ್ಮ, ಪ್ರಿಪೊಸಿಷನ್ನಿನ ಆಶ್ರಿತ, ಪೂರಕ ಮತ್ತು ನಾಮಕ್ಕೆ ಸಮಾನಾಧಿಕರಣ. ವಿದ್ಯಾರ್ಥಿಯು ಉಪವಾಕ್ಯದ ಕೆಳಗೆ ಗೆರೆಯೆಳೆದು ಆಸನದ ಹೆಸರನ್ನು ಬರೆದರೆ ಪಾಠ ಮುಗಿಯಿತು.

ನಮ್ಮ ಪ್ರಾಚೀನರಿಗೆ ಈ ವಿಂಗಡಣೆ ಬೇಕಾಗಿರಲಿಲ್ಲ. ಹದಿಮೂರನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಸಂಧಿ, ನಾಮ, ಸಮಾಸ, ತದ್ಧಿತ, ಆಖ್ಯಾತ, ಧಾತು, ಅಪಭ್ರಂಶ, ಅವ್ಯಯಗಳಿಗೆ ಪ್ರಕರಣಗಳನ್ನು ಮೀಸಲಿಟ್ಟನು, ಉಪವಾಕ್ಯಕ್ಕೆ ಪ್ರಕರಣವಿಲ್ಲ. ಇಂದು ಕನ್ನಡದ ಶಾಲಾ ವ್ಯಾಕರಣಗಳಲ್ಲಿ ಕಾಣುವ ಮಿಶ್ರವಾಕ್ಯದ ಪಾಠವು ಬಹುಮಟ್ಟಿಗೆ ಇಂಗ್ಲಿಷಿನ ನೆರಳು. ನೆರಳನ್ನು ನೋಡಿ ದೇಹವನ್ನು ಅಳೆಯುವ ಈ ಪದ್ಧತಿಯಿಂದ ಎರಡು ಭಾಷೆಗಳಿಗೂ ನಷ್ಟವಾಗಿದೆಯೆಂದು ನಮ್ಮ ಅಭಿಪ್ರಾಯ.

ಈಗ ಲಕ್ಷಣವನ್ನು ಪರೀಕ್ಷಿಸೋಣ. ನಾಮದ ಕೆಲಸ ಮಾಡುವುದು ನಿಜವಾದರೆ ನಾಮವಿರುವಲ್ಲೆಲ್ಲ ಅದು ನಿಲ್ಲಬೇಕು, ಅದಿರುವಲ್ಲೆಲ್ಲ ನಾಮವೂ ನಿಲ್ಲಬೇಕು. ಕರ್ತೃವಿನ ಆಸನವನ್ನೇ ಮೊದಲು ತೆಗೆದುಕೊಂಡರೆ, ‘ದ್ಯಾಟ್ ಹೀ ಫೇಲ್ಡ್ ಸರ್‌ಪ್ರೈಸ್ಡ್ ಅಸ್’ ಎಂಬ ವಾಕ್ಯ ಶುದ್ಧವೇ. ಆದರೆ ಮಾತಾಡುವ ಇಂಗ್ಲಿಷರು ಆ ಭಾರವನ್ನು ವಾಕ್ಯದ ತಲೆಯ ಮೇಲೆ ಹೊರಿಸಲೊಲ್ಲರು. ‘ಇಟ್ ಸರ್‌ಪ್ರೈಸ್ಡ್ ಅಸ್ ದ್ಯಾಟ್ ಹೀ ಫೇಲ್ಡ್’ ಎಂದು ಆಸನದಲ್ಲಿ ಒಂದು ಪುಟ್ಟ ‘ಇಟ್’ ಅನ್ನು ಕೂರಿಸಿ, ನಿಜವಾದ ಕರ್ತೃವನ್ನು ವಾಕ್ಯದ ಬಾಲಕ್ಕೆ ಕಳಿಸುವರು. ಪ್ರಶ್ನೆಯನ್ನು ಮಾಡಿ ನೋಡಿದರೆ ಭೇದವು ಇನ್ನೂ ಸ್ಪಷ್ಟವಾಗುವುದು. ‘ಡಿಡ್ ಹಿಸ್ ಫೇಲ್ಯೂರ್ ಸರ್‌ಪ್ರೈಸ್ ಯೂ’ ಎಂದು ನಾಮವನ್ನಿಟ್ಟು ಕೇಳಬಹುದು. ‘ಡಿಡ್ ದ್ಯಾಟ್ ಹೀ ಫೇಲ್ಡ್ ಸರ್‌ಪ್ರೈಸ್ ಯೂ’ ಎಂದರೆ ಕೇಳಿದವನು ಹುಬ್ಬೇರಿಸುವನು.

ಕರ್ಮದ ಆಸನದಲ್ಲಿ ಸ್ಥಿತಿ ಇನ್ನೂ ವಿಚಿತ್ರ. ‘ಐ ಹೋಪ್ ದ್ಯಾಟ್ ಹೀ ವಿಲ್ ಕಮ್’ ಸರಿ. ‘ಐ ಹೋಪ್ ಹಿಸ್ ಅರೈವಲ್’ ತಪ್ಪು. ಅಂದರೆ ‘ಹೋಪ್’ ಎಂಬ ಕ್ರಿಯೆ ಉಪವಾಕ್ಯವನ್ನು ಬರಮಾಡಿಕೊಂಡು ನಾಮವನ್ನು ಬಾಗಿಲಲ್ಲೇ ತಡೆಯುತ್ತದೆ. ನಾಮವು ಒಳಬರಬೇಕಾದರೆ ‘ಫಾರ್’ ಎಂಬ ಜೊತೆಗಾರನೊಡನೆ ಬರಬೇಕು. ಯಾವ ಆಸನದಲ್ಲಿ ನಾಮವೇ ಕೂರಲಾರದೋ ಅಲ್ಲಿ ಕುಳಿತ ಉಪವಾಕ್ಯವು ನಾಮದ ಪ್ರತಿನಿಧಿಯೆನ್ನುವುದು ಹೇಗೆ? ಪ್ರಿಪೊಸಿಷನ್ನಿನ ಮುಂದೆ ಇದಕ್ಕೆ ವಿರುದ್ಧ. ‘ಐ ಆ್ಯಮ್ ಶೂರ್ ಆಫ್ ಹಿಸ್ ಆನೆಸ್ಟಿ’ ಎಂದು ನಾಮ ಬರುವುದು. ಉಪವಾಕ್ಯವನ್ನು ತಂದರೆ ‘ಆಫ್’ ಬಿದ್ದುಹೋಗಿ ‘ಐ ಆ್ಯಮ್ ಶೂರ್ ದ್ಯಾಟ್ ಹೀ ಈಸ್ ಆನೆಸ್ಟ್’ ಎಂದಾಗುವುದು. ‘ಇನ್ ದ್ಯಾಟ್’, ‘ಎಕ್ಸೆಪ್ಟ್ ದ್ಯಾಟ್’ ಎಂಬಂಥ ಕೆಲವು ಜೋಡಿಗಳು ಮಾತ್ರ ಇದಕ್ಕೆ ಅಪವಾದ. ಪುಸ್ತಕಗಳು ಐದು ಆಸನಗಳಲ್ಲಿ ಒಂದಾಗಿ ಎಣಿಸಿದ ಈ ಸ್ಥಾನದಲ್ಲಿ ಹಾಯಾಗಿ ನಿಲ್ಲಬಲ್ಲವು ‘ವಾಟ್’, ‘ವೆದರ್’, ‘ಹೌ’ ಮೊದಲಾದವುಗಳಿಂದ ಆರಂಭವಾಗುವ ಉಪವಾಕ್ಯಗಳಷ್ಟೇ. ನಿಯಮವು ಎಲ್ಲರಿಗೂ ಒಂದೇ ಎಂಬಂತೆ ಬರೆದುಬಿಟ್ಟುದು ಅವಸರದ ಕೆಲಸ.

ಈ ಆಕ್ಷೇಪಣೆಯನ್ನು ಎತ್ತಿದವರಲ್ಲಿ ನಾವೇ ಮೊದಲಿಗರಲ್ಲ. ಡೆನ್ಮಾರ್ಕಿನ ಯೆಸ್ಪರ್ಸನ್ನನು ಇಂಥ ಉಪವಾಕ್ಯಗಳಿಗೆ ‘ಕಾಂಟೆಂಟ್ ಕ್ಲಾಜ್’, ಎಂದರೆ ವಿಷಯವನ್ನು ಒಳಗೊಂಡ ಉಪವಾಕ್ಯ, ಎಂಬ ಹೆಸರನ್ನು ಬಳಕೆಗೆ ತಂದನು. ಕ್ವರ್ಕ್ ಮತ್ತು ಸಂಗಡಿಗರ 1985ರ ಬೃಹದ್ವ್ಯಾಕರಣವು ‘ನಾಮಸದೃಶ’ ಎಂಬ ಅರ್ಥದ ಹೆಸರನ್ನು ಉಳಿಸಿಕೊಂಡಿತು. 2002ರಲ್ಲಿ ಕೇಂಬ್ರಿಜ್‌ನಿಂದ ಹೊರಟ ಹಡಲ್‌ಸ್ಟನ್ ಮತ್ತು ಪುಲಮ್ ಇವರ ವ್ಯಾಕರಣವು ಪದವರ್ಗಗಳ ಸಾದೃಶ್ಯದಿಂದ ಉಪವಾಕ್ಯಗಳನ್ನು ವಿಂಗಡಿಸುವ ಪದ್ಧತಿಯನ್ನೇ ಕೈಬಿಟ್ಟು ಯೆಸ್ಪರ್ಸನ್ನನ ಹೆಸರಿಗೆ ಮರಳಿತು. ಹೆಸರು ಬದಲಾದ ಮಾತ್ರಕ್ಕೆ ಕಲಿಯುವವನ ಕಷ್ಟ ನೀಗದು. ಆದುದರಿಂದ ಕನ್ನಡಿಗನು ಎಡವುವ ಜಾಗಗಳನ್ನೇ ನೋಡೋಣ.

ಸಮಾನಾಧಿಕರಣದ ಆಸನವನ್ನು ತೆಗೆದುಕೊಳ್ಳಿರಿ. ‘ದ ನ್ಯೂಸ್ ದ್ಯಾಟ್ ಹೀ ವನ್’, ‘ದ ನ್ಯೂಸ್ ದ್ಯಾಟ್ ಹೀ ಬ್ರಾಟ್’. ಎರಡರಲ್ಲಿಯೂ ಒಂದೇ ನಾಮ, ಒಂದೇ ‘ದ್ಯಾಟ್’, ಒಂದೇ ಕರ್ತೃ. ಮೊದಲನೆಯದು ನಾಮೋಪವಾಕ್ಯ, ಎರಡನೆಯದು ವಿಶೇಷಣೋಪವಾಕ್ಯ. ಇದನ್ನು ಬಿಡಿಸಿ ತೋರಿಸಲು ಇಂಗ್ಲಿಷ್ ಉಪಾಧ್ಯಾಯನು ಬೆವರುವನು: ‘ದ್ಯಾಟ್’ ಬದಲು ‘ವಿಚ್’ ಹಾಕಿ ನೋಡು, ಉಪವಾಕ್ಯವು ಪೂರ್ಣವೋ ಅಪೂರ್ಣವೋ ನೋಡು ಎಂದು ಮುಂತಾಗಿ. ಕನ್ನಡದ ಹುಡುಗನಿಗೆ ಈ ಕಸರತ್ತು ಬೇಕಿಲ್ಲ. ಮೊದಲನೆಯದು ‘ಅವನು ಗೆದ್ದನೆಂಬ ಸುದ್ದಿ’. ಎರಡನೆಯದು ‘ಅವನು ತಂದ ಸುದ್ದಿ’. ‘ಎಂಬ’ ಬಂದರೆ ಉಪವಾಕ್ಯವೇ ಸುದ್ದಿಯ ಒಡಲು. ‘ಎಂಬ’ ಬಾರದಿದ್ದರೆ ಸುದ್ದಿಯು ತಂದ ವಸ್ತು ಮಾತ್ರ. ಇಷ್ಟು ತಿಳಿಯಾದ ಉಪಾಯವು ಮನೆಯಲ್ಲೇ ಇರುವಾಗ ಅದನ್ನು ತರಗತಿಯೊಳಗೆ ಬರಗೊಡದೆ ಇದ್ದುದು ಯಾವ ಪುಣ್ಯಕ್ಕೋ ತಿಳಿಯದು. ಮಾತೃಭಾಷೆಯನ್ನು ಇಂಗ್ಲಿಷ್ ತರಗತಿಯ ಹೊಸ್ತಿಲಾಚೆ ನಿಲ್ಲಿಸುವ ಶಿಸ್ತಿಗೆ ತೆತ್ತ ದಂಡಗಳಲ್ಲಿ ಇದೂ ಒಂದು.

‘ವಾಟ್’ನ ವಿಷಯದಲ್ಲಿಯೂ ಹೀಗೆಯೇ. ‘ಐ ಏಟ್ ವಾಟ್ ಶೀ ಕುಕ್ಡ್’ ಮತ್ತು ‘ಐ ಆಸ್ಕ್ಡ್ ವಾಟ್ ಶೀ ಕುಕ್ಡ್’ ಎಂಬಿವೆರಡನ್ನೂ ಶಾಲಾ ವ್ಯಾಕರಣವು ಕರ್ಮಸ್ಥಾನದ ನಾಮೋಪವಾಕ್ಯಗಳೆಂದು ಒಂದೇ ಗೂಡಿನಲ್ಲಿಡುವುದು. ಆದರೆ ಪ್ರಶ್ನೆಯನ್ನು ಯಾರೂ ಉಣ್ಣಲಾರರು! ಮೊದಲನೆಯದು ‘ಅವಳು ಮಾಡಿದ ಅಡಿಗೆಯನ್ನು ಉಂಡೆನು’ ಎಂಬ ವಸ್ತುವಾಚಕ. ಎರಡನೆಯದು ‘ಅವಳು ಏನು ಅಡಿಗೆ ಮಾಡಿದಳೆಂದು ಕೇಳಿದೆನು’ ಎಂಬ ಪ್ರಶ್ನೆ. ಕನ್ನಡವು ಇವಕ್ಕೆ ಬೇರೆಬೇರೆ ಅಚ್ಚುಗಳನ್ನೇ ಇಟ್ಟುಕೊಂಡಿದೆ. ಮೇಲೆ ಹೇಳಿದ 2002ರ ವ್ಯಾಕರಣವು ಮೊದಲನೆಯದನ್ನು ಉಪವಾಕ್ಯವೆಂದೇ ಕರೆಯದೆ ನಾಮಪದಗುಚ್ಛವೆಂದು ಬೇರ್ಪಡಿಸಿದೆ. ಹಾಗೆ ನೋಡಿದರೆ ಹಳೆಯ ಪುಸ್ತಕಗಳ ನಾಮೋಪವಾಕ್ಯಗಳಲ್ಲಿ ನಿಜವಾಗಿಯೂ ನಾಮವಾಗಿದ್ದುದು ಇದೊಂದೇ.

ಎಲ್ಲ ಕಡೆಯೂ ಕನ್ನಡದ್ದೇ ಮೇಲುಗೈಯೆಂದು ಹೇಳಿದರೆ ಪಕ್ಷಪಾತವಾದೀತು. ‘ಅವನು ಬರೆದುದು ನನಗೆ ಗೊತ್ತು’ ಎಂಬ ನಮ್ಮ ವಾಕ್ಯಕ್ಕೆ ಎರಡು ಅರ್ಥಗಳುಂಟು: ಬರೆದನೆಂಬ ಸಂಗತಿ ಗೊತ್ತು, ಬರೆದ ವಿಷಯ ಗೊತ್ತು. ಇಂಗ್ಲಿಷು ಮೊದಲನೆಯದಕ್ಕೆ ‘ದ್ಯಾಟ್’ ಇಟ್ಟು ಎರಡನೆಯದಕ್ಕೆ ‘ವಾಟ್’ ಇಟ್ಟು ಗೊಂದಲವಿಲ್ಲದೆ ಪಾರಾಗುವುದು.

ಇನ್ನು ತಪ್ಪುಗಳು. ‘ಐ ಆಸ್ಕ್ಡ್ ಹಿಮ್ ವೇರ್ ಈಸ್ ಹೀ ಗೋಯಿಂಗ್’ ಎಂಬ ವಾಕ್ಯವನ್ನು ಬರೆಯದ ವಿದ್ಯಾರ್ಥಿಯಿಲ್ಲ, ಅದರ ಮೇಲೆ ಕೆಂಪು ಶಾಯಿ ಸುರಿಯದ ಉಪಾಧ್ಯಾಯನಿಲ್ಲ. ಸ್ವತಂತ್ರ ಪ್ರಶ್ನೆಯಲ್ಲಿ ಇಂಗ್ಲಿಷು ಸಹಾಯಕ ಕ್ರಿಯೆಯನ್ನು ಕರ್ತೃವಿನ ಮುಂದಕ್ಕೆ ಎಳೆಯುವುದು. ಪ್ರಶ್ನೆಯು ಉಪವಾಕ್ಯವಾದೊಡನೆ ಆ ಎಳೆತವು ನಿಂತು ‘ವೇರ್ ಹೀ ವಾಸ್ ಗೋಯಿಂಗ್’ ಎಂದು ಸಾಮಾನ್ಯ ಕ್ರಮ ಬರುವುದು. ಕನ್ನಡದಲ್ಲಿ ‘ಅವನು ಎಲ್ಲಿಗೆ ಹೋಗುತ್ತಾನೆ?’ ಎಂಬುದಕ್ಕೂ ‘ಅವನು ಎಲ್ಲಿಗೆ ಹೋಗುತ್ತಾನೆಂದು ಕೇಳಿದೆ’ ಎಂಬುದಕ್ಕೂ ಪದಕ್ರಮದಲ್ಲಿ ಕೂದಲೆಳೆಯ ವ್ಯತ್ಯಾಸವಿಲ್ಲ. ‘ಎಂದು’ ಸೇರಿದರೆ ಸಾಕು. ಹುಡುಗನು ತನ್ನ ಭಾಷೆಯ ನಿಯಮವನ್ನು ನಿಷ್ಠೆಯಿಂದ ಪಾಲಿಸಿದ್ದಾನೆ. ‘ಹೀ ಟೋಲ್ಡ್ ದ್ಯಾಟ್’ ಎಂಬ ನಮ್ಮ ಇನ್ನೊಂದು ಪ್ರಸಿದ್ಧ ಪ್ರಯೋಗವೂ ಹೀಗೆಯೇ ಹುಟ್ಟಿದುದು. ‘ಹೇಳು’ ಎಂಬ ನಮ್ಮ ಧಾತುವಿಗೆ ಕೇಳುವವನನ್ನು ಹೆಸರಿಸುವ ಹಂಗಿಲ್ಲ. ‘ಟೆಲ್’ ಎಂಬುದಕ್ಕೆ ಸಾಮಾನ್ಯವಾಗಿ ಉಂಟು, ‘ಸೇ’ ಎಂಬುದಕ್ಕಿಲ್ಲ. ‘ಇಫ್’ ಮತ್ತು ‘ವೆದರ್’ಗಳ ಗೊಂದಲವು ಇಷ್ಟು ಆಳದ್ದಲ್ಲವಾಗಿ ಅದನ್ನು ಇಲ್ಲಿ ವಿಸ್ತರಿಸುವುದಿಲ್ಲ.

ಆದರೆ ಪರೋಕ್ಷ ಕಥನದ ವಿಷಯವನ್ನು ಹಾಗೆ ಬಿಡಲಾಗದು. ‘ನಾನು ಬರುತ್ತೇನೆ’ ಎಂದು ಅವನು ಹೇಳಿದ್ದನ್ನು ಇಂಗ್ಲಿಷು ಉಪವಾಕ್ಯದಲ್ಲಿ ಹೇಳುವಾಗ ಪುರುಷವನ್ನೂ ಬದಲಿಸಿ ಕಾಲವನ್ನೂ ಹಿಂದಕ್ಕೆ ಸರಿಸಿ ‘ಹೀ ಸೆಡ್ ದ್ಯಾಟ್ ಹೀ ವುಡ್ ಕಮ್’ ಎನ್ನುವುದು. ಹೇಳಿದವನ ಧ್ವನಿಯು ಅಲ್ಲಿ ಪೂರ್ತಿ ಅಡಗಿ, ವರದಿಗಾರನ ಧ್ವನಿಯೇ ಉಳಿಯುವುದು. ಕನ್ನಡದಲ್ಲಿ ‘ತಾನು ಬರುತ್ತೇನೆಂದು ಹೇಳಿದನು’. ಇಲ್ಲಿ ‘ತಾನು’ ಎಂಬ ಸರ್ವನಾಮವನ್ನು ಇಟ್ಟವನು ವರದಿಗಾರ. ‘ಬರುತ್ತೇನೆ’ ಎಂಬ ಉತ್ತಮಪುರುಷದ ಕ್ರಿಯಾಪದವು ಹೇಳಿದವನ ಬಾಯಿಂದಲೇ ಬಂದುದು. ವರ್ತಮಾನವು ವರ್ತಮಾನವಾಗಿಯೇ ಉಳಿದಿದೆ. ಕರ್ತೃವಿಗೂ ಕ್ರಿಯೆಗೂ ಪುರುಷವೇ ಹೊಂದದ ಈ ವಾಕ್ಯವನ್ನು ಸೂತ್ರಬದ್ಧವಾಗಿ ನೋಡಿದರೆ ದೋಷವೆನ್ನಬೇಕು. ನಮ್ಮ ಕಿವಿಗೆ ಅದಕ್ಕಿಂತ ಸಹಜವಾದುದಿಲ್ಲ. ಇಬ್ಬರ ಧ್ವನಿಗಳನ್ನು ಒಂದೇ ಉಪವಾಕ್ಯದಲ್ಲಿ ಹೊಂದಿಸಬಲ್ಲ ಈ ಶಕ್ತಿ ಎಲ್ಲಿಂದ ಬಂದಿತು?

‘ಎಂದು’ ಎಂಬುದರ ಹುಟ್ಟಿನಿಂದ ಬಂದಿತು. ಅದು ‘ಎನ್’ ಎಂಬ ಧಾತುವಿನ ಭೂತಕೃದಂತ. ‘ಹೇಳಿ’ ಎಂದೇ ಅದರ ಮೂಲಾರ್ಥ. ತಮಿಳಿನ ‘ಎನ್‌ಱು’, ತೆಲುಗಿನ ‘ಅನಿ’ ಇದರ ಒಡಹುಟ್ಟುಗಳು. ಸಂಸ್ಕೃತದ ‘ಇತಿ’ಯು ಧಾತುವಿನಿಂದ ಹುಟ್ಟಿದುದಲ್ಲವಾದರೂ ಹೇಳಿದ ಮಾತಿನ ಹಿಂದೆಯೇ ಬಂದು ನಿಲ್ಲುವುದು. ಹೊರನಾಡಿನಲ್ಲಿರುವ ನಮ್ಮಂಥವರ ಕಿವಿಗೆ ಇದರ ನೆರೆಹೊರೆಯ ರೂಪಗಳು ದಿನವೂ ಬೀಳುತ್ತವೆ. ಮರಾಠಿಯು ಮುಂದೆ ಬರುವ ‘ಕೀ’ಯನ್ನೂ, ಹಿಂದೆ ಬರುವ ‘ಅಸೇ’, ‘ಮ್ಹಣೂನ್’ಗಳನ್ನೂ ಇಟ್ಟುಕೊಂಡಿದೆ, ‘ಮ್ಹಣೂನ್’ ಎಂದರೂ ‘ಹೇಳಿ’ ಎಂದೇ ಅರ್ಥ. ಹೈದರಾಬಾದಿನ ದಖನಿಯು ಉತ್ತರದ ‘ಕಿ’ಯನ್ನು ಬಿಟ್ಟು ‘ಬೋಲ್‌ಕೆ’ ಎನ್ನುವಾಗ ಉರ್ದುವಿನ ಮಾತುಗಳಿಂದ ತೆಲುಗಿನ ವಾಕ್ಯವನ್ನೇ ಕಟ್ಟುವುದು.

ಇಂಗ್ಲಿಷಿನ ‘ದ್ಯಾಟ್’ ಹುಟ್ಟಿದುದು ಬೇರೆ ಕಡೆ. ಅದು ‘ಅದು’ ಎಂದು ಬೆರಳು ಮಾಡಿ ತೋರುವ ಸರ್ವನಾಮ. ‘ನನಗೆ ಗೊತ್ತು ಅದು: ಅವನು ಬಂದನು’ ಎಂಬಂಥ ಎರಡು ವಾಕ್ಯಗಳು ಕೂಡಿ, ತೋರುವ ಬೆರಳೇ ಕ್ರಮೇಣ ಕೊಂಡಿಯಾಯಿತು. ಆಡುಮಾತಿನಲ್ಲಿ ಆ ಕೊಂಡಿಯನ್ನೂ ಬಿಟ್ಟು ‘ಐ ನೋ ಹೀ ಕೇಮ್’ ಎನ್ನುವರು. ಆದುದರಿಂದ ಇಂಗ್ಲಿಷಿನ ಉಪವಾಕ್ಯವು ತೋರಿಸಲ್ಪಟ್ಟ ವಿಷಯ. ಕನ್ನಡದ ‘ಎಂದು’ ಉಪವಾಕ್ಯವು ಆಡಲ್ಪಟ್ಟ ಮಾತು.

‘ದ್ಯಾಟ್’ನ ಈ ಮೂಲವನ್ನು ಇಂಗ್ಲೆಂಡಿನಲ್ಲಿ ಎತ್ತಿ ಹೇಳಿದ ಹಾರ್ನ್ ಟುಕ್ ಎಂಬವನ ಕಥೆಯು ನಮ್ಮ ವಿಷಯದ ತಿರುಳಿಗೆ ಒಯ್ಯುವುದು. 1775ರಲ್ಲಿ ಅಮೆರಿಕದ ಲೆಕ್ಸಿಂಗ್ಟನ್ನಿನಲ್ಲಿ ರಾಜನ ಸೈನ್ಯವು ಜನರನ್ನು ಕೊಲೆಗೈದಿತೆಂದು ಮುದ್ರಿಸಿ, ಸತ್ತವರ ವಿಧವೆಯರಿಗಾಗಿ ಚಂದಾ ಎತ್ತಿದ ಅಪರಾಧಕ್ಕಾಗಿ 1777ರಲ್ಲಿ ಅವನ ವಿಚಾರಣೆ ನಡೆದು, ಒಂದು ವರ್ಷದ ಸೆರೆಯೂ 200 ಪೌಂಡುಗಳ ದಂಡವೂ ಆಯಿತು. ಆರೋಪಪತ್ರದಲ್ಲಿ ಅವಶ್ಯವಾದ ಸಂಗತಿಯನ್ನು ನೇರವಾಗಿ ಪ್ರತಿಪಾದಿಸಿಲ್ಲವೆಂಬುದು ಅವನ ಪಕ್ಷದ ವಾದಗಳಲ್ಲಿ ಒಂದು. ಆಗ ಹಳೆಯ ಮೊಕದ್ದಮೆಯೊಂದರ ಒಕ್ಕಣೆಯು ಚರ್ಚೆಗೆ ಬಂದಿತು. ಕ್ರೂಕ್ ಎಂಬವನ ಮೇಲೆ ಖೋಟಾ ದಸ್ತೈವಜಿನ ಆಪಾದನೆಯಿರುವ ಸಂಗತಿಯನ್ನು ಅರಿತು ಹೆಂಗಸೊಬ್ಬಳು ಒಂದು ಕೃತ್ಯವನ್ನು ಮಾಡಿದಳೆಂದು ಅದರ ತಾತ್ಪರ್ಯ. ಮೂಲದಲ್ಲಿ ‘ನೋಯಿಂಗ್ ದ್ಯಾಟ್’ ಎಂದಿದೆ. ಕ್ರೂಕನ ಮೇಲೆ ಆಪಾದನೆ ಇದ್ದಿತೆಂದು ಆ ಒಕ್ಕಣೆಯು ಪ್ರತಿಪಾದಿಸಿದೆಯೇ, ಇಲ್ಲವೇ? 1778ರಲ್ಲಿ ಟುಕ್ ತನ್ನ ವಕೀಲ ಡನಿಂಗನಿಗೆ ಬರೆದ ಪತ್ರದಲ್ಲಿ, ಪ್ರತಿಪಾದಿಸಿದೆಯೆಂದೇ ವಾದಿಸಿದನು. ‘ದ್ಯಾಟ್’ ಎಂಬುದು ಸರ್ವನಾಮವಾದುದರಿಂದ ವಾಕ್ಯವನ್ನು ಎರಡಾಗಿ ಬಿಚ್ಚಬೇಕು: ಕ್ರೂಕನ ಮೇಲೆ ಆಪಾದನೆಯಾಗಿತ್ತು; ಅದನ್ನು ಅರಿತು ಅವಳು ಹೀಗೆ ಮಾಡಿದಳು. ಈ ಪತ್ರವೇ ಬೆಳೆದು 1786ರ ‘ಡೈವರ್ಷನ್ಸ್ ಆಫ್ ಪರ್ಲಿ’ ಎಂಬ ಗ್ರಂಥವಾಯಿತು. ಟುಕ್‌ನ ಇತರ ನಿರುಕ್ತಿಗಳಲ್ಲಿ ಬಹುಪಾಲನ್ನು ನಂತರದ ಪಂಡಿತರು ತಳ್ಳಿಹಾಕಿದರು, ಇದೊಂದು ಉಳಿಯಿತು.

ಟುಕ್‌ನ ವಾದದಲ್ಲಿ ನಮಗೆ ಕಾಣುವ ಕೊರತೆ ಇಷ್ಟೇ. ‘ನೋಯಿಂಗ್ ದ್ಯಾಟ್’ ಎಂಬಲ್ಲಿ ಉಪವಾಕ್ಯವು ಸತ್ಯವೆಂದು ತೋರುವುದು ‘ದ್ಯಾಟ್’ನ ಬಲದಿಂದಲ್ಲ, ‘ನೋ’ ಎಂಬ ಕ್ರಿಯೆಯ ಬಲದಿಂದ. ‘ಥಿಂಕಿಂಗ್ ದ್ಯಾಟ್’ ಎಂದು ಬದಲಿಸಿದರೆ ‘ದ್ಯಾಟ್’ ಅಲ್ಲೇ ಇದ್ದರೂ ಸತ್ಯದ ಹೊಣೆ ಕಳಚಿಹೋಗುವುದು. ಕಿಪಾರ್‌ಸ್ಕಿ ದಂಪತಿಗಳು 1970ರಲ್ಲಿ ‘ಫ್ಯಾಕ್ಟ್’ ಎಂಬ ತಮ್ಮ ಪ್ರಬಂಧದಲ್ಲಿ ಈ ಭೇದವನ್ನು ಶಾಸ್ತ್ರೀಯವಾಗಿ ಬಿಡಿಸಿದರು. ‘ರಿಗ್ರೆಟ್’ ಮೊದಲಾದ ಕ್ರಿಯೆಗಳು ಉಪವಾಕ್ಯದ ಸಂಗತಿಯನ್ನು ನಿಜವೆಂದು ಮೊದಲೇ ಒಪ್ಪಿಕೊಂಡು ಹೊರಡುವುವು. ‘ಬಿಲೀವ್’ ಮೊದಲಾದವು ಹಾಗಲ್ಲ. ಮೊದಲ ಬಗೆಯ ಕ್ರಿಯೆಗಳು ‘ಹಿಸ್ ಹ್ಯಾವಿಂಗ್ ಕಮ್’ ಎಂಬಂಥ ಕೃದಂತನಾಮವನ್ನೂ ಸ್ವೀಕರಿಸುವುವು, ಎರಡನೆಯವು ಸ್ವೀಕರಿಸವು. ‘ಐ ರಿಗ್ರೆಟ್ ಹಿಸ್ ಹ್ಯಾವಿಂಗ್ ಕಮ್’ ಸರಿ. ‘ಐ ಬಿಲೀವ್ ಹಿಸ್ ಹ್ಯಾವಿಂಗ್ ಕಮ್’ ತಪ್ಪು.

ಇಲ್ಲಿಯೇ ಕನ್ನಡಿಗನು ಕಿವಿ ನಿಮಿರಿಸಬೇಕು. ಇಂಗ್ಲಿಷು ಕೃದಂತನಾಮವನ್ನು ವಿರಳವಾಗಿ, ಕೊಂಚ ಬಿಗುಮಾನದಿಂದ ಬಳಸುವುದು. ಕನ್ನಡಕ್ಕೆ ಅದು ನಿತ್ಯದ ಅನ್ನ. ‘ಬಂದುದು, ಬಂದುದನ್ನು, ಬಂದುದರಿಂದ, ಬಂದುದಕ್ಕೆ’ ಎಂದು ವಿಭಕ್ತಿಗಳನ್ನೆಲ್ಲ ಧರಿಸಿ ನಿಲ್ಲುವ ಇದು ಹೆಸರಿಗೂ ನಾಮ, ಕೆಲಸಕ್ಕೂ ನಾಮ. ಇದರ ಪಕ್ಕದಲ್ಲಿ ‘ಬಂದನೆಂದು’ ಎಂಬುದು ವಿಭಕ್ತಿಯಿಲ್ಲದೆ ನಿಂತಿದೆ. ಇವೆರಡರ ಆಯ್ಕೆಯು ಶೈಲಿಯ ಲಹರಿಯಲ್ಲ. ‘ಅವನು ಬಂದುದನ್ನು ಮರೆತೆ’ ಎನ್ನುವೆವು. ‘ಅವನು ಬಂದುದನ್ನು ಊಹಿಸಿದೆ’ ಎಂದರೆ ಬಂದುದು ನಿಜವಾಗಿ, ಊಹೆಯು ಫಲಿಸಿದಂತಾಗುವುದು. ‘ಅವನು ಬಂದನೆಂದು ನಂಬಲಿಲ್ಲ’ ಎಂದರೆ ಬಂದನೋ ಇಲ್ಲವೋ ಯಾರು ಬಲ್ಲರು. ‘ಅವನು ಬಂದುದನ್ನು ನಂಬಲಾಗಲಿಲ್ಲ’ ಎಂದರೆ ಬಂದೇ ಬಂದನು, ನಮ್ಮ ಕಣ್ಣನ್ನು ನಾವು ನಂಬದಾದೆವು. ‘ಅವನು ಬಂದನೆಂದು ಹೇಳಿದಳು’, ‘ಅವನು ಬಂದುದನ್ನು ಹೇಳಿದಳು’ ಎಂಬಿವುಗಳಲ್ಲಿ ಎರಡನೆಯದನ್ನು ಹೇಳುವವನು ಅವನ ಬರವಿಗೆ ತಾನೂ ಸಾಕ್ಷಿಯಾಗಿ ನಿಲ್ಲುವನು. ಇಂಗ್ಲಿಷಿನಲ್ಲಿ ಸತ್ಯದ ಹೊಣೆಯನ್ನು ಕ್ರಿಯಾಪದವು ಹೊತ್ತರೆ ಕನ್ನಡದಲ್ಲಿ ಬಹುಮಟ್ಟಿಗೆ ಉಪವಾಕ್ಯದ ರೂಪವೇ ಹೊರುವುದು. ‘ಬಂದನೆಂಬುದು’ ಎಂಬ ಮೂರನೆಯ ರೂಪವು ಇವೆರಡರ ನಡುವಣದು: ವಿಭಕ್ತಿಯನ್ನೇನೋ ಧರಿಸುವುದು, ಆದರೆ ‘ಎನ್’ ಧಾತುವಿನ ಅಂಶವಿರುವುದರಿಂದ ಸತ್ಯಕ್ಕೆ ಜಾಮೀನು ನಿಲ್ಲದು. ‘ಭೂಮಿಯು ಚಪ್ಪಟೆಯೆಂಬುದು ಸುಳ್ಳು’ ಎಂದು ನಿರಾತಂಕವಾಗಿ ಹೇಳಬಹುದು. ಆಡುಮಾತಿನಲ್ಲಿ ಈ ಗೆರೆಗಳು ಅಲ್ಲಲ್ಲಿ ಮಸುಕಾಗಿರುವುದನ್ನು ಒಪ್ಪುವೆವು. ಬರವಣಿಗೆಯಲ್ಲಿ, ಅದರಲ್ಲಿಯೂ ಜವಾಬ್ದಾರಿಯ ಬರವಣಿಗೆಯಲ್ಲಿ, ಮಸುಕಾಗಗೊಡಬಾರದು.

ಈಗ ಕ್ರೂಕನ ಪ್ರಕರಣವನ್ನು ಕನ್ನಡಿಸಿ ನೋಡಿರಿ. ‘ಕ್ರೂಕನ ಮೇಲೆ ಆಪಾದನೆಯಿದ್ದುದನ್ನು ತಿಳಿದು’ ಎಂದು ಬರೆದಿದ್ದರೆ ಆಪಾದನೆಯು ಪ್ರತಿಪಾದಿತವೇ ಸರಿ. ‘ಆಪಾದನೆಯಿದೆಯೆಂದು ತಿಳಿದು’ ಎಂದಿದ್ದರೆ ಅಲ್ಲ. ಲಂಡನ್ನಿನ ವಕೀಲರು ತಲೆ ಕೆಡಿಸಿಕೊಂಡ ಪ್ರಶ್ನೆಯನ್ನು ನಮ್ಮ ಒಂದು ಪ್ರತ್ಯಯವು ಬಗೆಹರಿಸುವುದು. ಏಕೆಂದರೆ ‘ತಿಳಿ’ ಎಂಬ ಧಾತು ನಮ್ಮಲ್ಲಿ ಎರಡು ಬದಿಗೂ ವಾಲುವುದು. ಹಗ್ಗವನ್ನು ಹಾವೆಂದು ತಿಳಿದವನಿಗೆ ಏನೂ ತಿಳಿದಿರಲಿಲ್ಲ! ‘ಅವನು ಬಂದನೆಂದು ತಿಳಿದು ಬಾಗಿಲು ತೆರೆದೆ, ನೋಡಿದರೆ ಯಾರೂ ಇರಲಿಲ್ಲ’ ಎಂಬುದರಲ್ಲಿ ಯಾವ ವಿರೋಧವೂ ಇಲ್ಲ. ‘ಅವನು ಬಂದುದನ್ನು ತಿಳಿದು ಬಾಗಿಲು ತೆರೆದೆ, ಅವನು ಬಂದೇ ಇರಲಿಲ್ಲ’ ಎಂಬುದನ್ನು ಯಾರೂ ಆಡಲಾರರು.

ಭಾಷಾಂತರಕಾರನ ಮೇಜಿನ ಮೇಲೆ ಇದರ ಪರಿಣಾಮವೇನು? ಮುಂಬಯಿಯ ಅಥವಾ ಚೆನ್ನೈಯ ನ್ಯಾಯಾಲಯವೊಂದರಲ್ಲಿ ಕನ್ನಡ ಮಾತ್ರ ಬಲ್ಲ ಕೂಲಿಕಾರನೊಬ್ಬನು ‘ಮಾಲು ಅವನದೇ ಎಂದು ತಿಳಿದು ತಕ್ಕೊಂಡೆ’ ಎಂದು ನುಡಿದನೆಂದು ಕಲ್ಪಿಸಿಕೊಳ್ಳೋಣ. ಇದನ್ನು ‘ನೋಯಿಂಗ್ ದ್ಯಾಟ್’ ಎಂದು ಅನುವಾದಿಸಿದರೆ ಅವನ ಮುಗ್ಧತೆಯು ಸಂಗತಿಯ ಪ್ರತಿಪಾದನೆಯಾಗಿ ಕೂರುವುದು, ಅಷ್ಟರಿಂದ ಹಾನಿಯಿಲ್ಲ. ಅದೇ ಮನುಷ್ಯನು ‘ಕದ್ದ ಮಾಲೆಂದು ತಿಳಿದು ಹಿಂದಿರುಗಿಸಲು ಹೊರಟೆ, ಆಮೇಲೆ ಹಾಗಲ್ಲವೆಂದರು, ಇಟ್ಟುಕೊಂಡೆ’ ಎಂದರೆ? ಕದ್ದ ಮಾಲನ್ನು ಪಡೆಯುವ ಅಪರಾಧದಲ್ಲಿ, ಅದು ಕದ್ದುದೆಂಬ ಅರಿವು ಅಥವಾ ಹಾಗೆ ನಂಬಲು ಕಾರಣ ಇದ್ದಿತೇ ಎಂಬುದೇ ಮುಖ್ಯ. 1860ರ ಭಾರತೀಯ ದಂಡಸಂಹಿತೆಯಲ್ಲಿದ್ದ ಈ ಎರಡು ಮೆಟ್ಟಿಲುಗಳನ್ನು, 2024ರ ಜುಲೈ 1ರಂದು ಅದರ ಸ್ಥಾನಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯೂ ಉಳಿಸಿಕೊಂಡಿದೆ. ಅರಿವು, ನಂಬಿಕೆಗೆ ಕಾರಣ, ಬರಿಯ ಶಂಕೆ ಎಂಬ ಮೂರನ್ನೂ ‘ಎಂದು ತಿಳಿದು’ ಎಂಬ ಎರಡು ಪದಗಳು ತಮ್ಮ ಮಡಿಲಲ್ಲಿ ಅಡಗಿಸಿಕೊಳ್ಳಬಲ್ಲವು. ಭಾಷಾಂತರಕಾರನು ನಿಘಂಟನ್ನು ತೆರೆದು ‘ತಿಳಿ’ ಎಂದರೆ ‘ನೋ’ ಎಂದು ಕಂಡು ಬರೆದುಬಿಟ್ಟರೆ, ಸಾಕ್ಷಿಯು ಹೇಳದ ಅರಿವೊಂದು ದಾಖಲೆಗೆ ಸೇರುವುದು. ಅಲ್ಲಿ ಅವನು ನೋಡಬೇಕಾದುದು ಧಾತುವನ್ನಲ್ಲ. ಧಾತುವಿನ ಹಿಂದೆ ‘ಎಂದು’ ಇದೆಯೋ ‘ಅದನ್ನು’ ಇದೆಯೋ ಎಂಬುದನ್ನು.

ಇಂಗ್ಲಿಷಿನಿಂದ ಕನ್ನಡಕ್ಕೆ ಬರುವಾಗ ಹಾನಿಯು ತಿರುಗುಮುರುಗು. ‘ಕ್ಲೇಮ್ಡ್ ದ್ಯಾಟ್’, ‘ಅಡ್ಮಿಟೆಡ್ ದ್ಯಾಟ್’, ‘ರಿವೀಲ್ಡ್ ದ್ಯಾಟ್’ ಎಂಬ ಮೂರಕ್ಕೂ ‘ಎಂದು ತಿಳಿಸಿದರು’ ಎಂಬ ಒಂದೇ ಮುದ್ರೆಯನ್ನು ಒತ್ತುವುದು ನಮ್ಮ ಪತ್ರಿಕೆಗಳಲ್ಲಿ ರೂಢವಾಗಿದೆ. ಇಂಗ್ಲಿಷಿನಲ್ಲಿ ಭೇದವೆಲ್ಲ ಕ್ರಿಯಾಪದದಲ್ಲಿತ್ತು. ಆ ಕ್ರಿಯಾಪದವನ್ನು ಚಪ್ಪಟೆ ಮಾಡಿದ ಮೇಲೆ, ಉಪವಾಕ್ಯದ ರೂಪದಿಂದಲಾದರೂ ಅದನ್ನು ಮರಳಿ ಪಡೆಯಬಹುದಿತ್ತು. ‘ಹಣ ಪಡೆದುದನ್ನು ಒಪ್ಪಿಕೊಂಡರು’ ಎಂದರೆ ‘ಅಡ್ಮಿಟೆಡ್’ ಎಂಬುದರ ಬಲವೆಲ್ಲ ಬಂದಿತು. ‘ಹಣ ಪಡೆದಿಲ್ಲವೆಂದು ಹೇಳಿಕೊಂಡರು’ ಎಂದರೆ ‘ಕ್ಲೇಮ್ಡ್’ ಎಂಬುದರ ಸಂಶಯವೂ ಬಂದಿತು.

ಉದ್ದನೆಯ ಉಪವಾಕ್ಯಗಳ ಅನುವಾದದಲ್ಲಿ ‘ಅವರು ಹೇಳಿದುದೇನೆಂದರೆ’ ಎಂದು ಮೊದಲು ಬರೆದು ವಿಷಯವನ್ನು ಆಮೇಲೆ ಬಿಚ್ಚುವ ಪದ್ಧತಿಯನ್ನು ಇಂಗ್ಲಿಷಿನ ಗುಲಾಮಗಿರಿಯೆಂದು ಕೆಲವರು ಜರೆಯುವುದುಂಟು. ಇದನ್ನು ನಾವು ಒಪ್ಪಲಾರೆವು. ‘ಅವನು ಬರುವನೆಂದು ನೀನು ಹೇಳಿದೆಯೆಂದು ಅವಳು ತಿಳಿದಳೆಂದು ಕೇಳಿದೆ’ ಎಂಬಂತೆ ‘ಎಂದು’ಗಳನ್ನು ಒಂದರ ಮೇಲೊಂದು ಪೇರಿಸಿ ಓದುಗನ ಉಸಿರು ಕಟ್ಟಿಸುವುದಕ್ಕಿಂತ ಅದು ಲೇಸು. ಅಲ್ಲದೆ ಹಳಗನ್ನಡದ ಗದ್ಯವು ‘ಎಂತೆಂದೊಡೆ’ ಎಂಬ ಮಾತನ್ನು ಇಂಗ್ಲಿಷಿನ ಗಾಳಿ ಸೋಂಕುವ ಎಷ್ಟೋ ಶತಮಾನಗಳ ಮೊದಲೇ ಇದೇ ಕೆಲಸಕ್ಕೆ ಹೂಡಿತ್ತು.